ಹನಿ ಒಲ್ಲದ ಮನೆಗಳು: ಉತ್ತರ ಪ್ರದೇಶದ ಪೋಲಿಯೋ ಪ್ರಚಾರ

ಮಕ್ಕಳಿಗೆ ಪೋಲಿಯೋ ಹನಿ ಹಾಕುವ ಪಲ್ಸ್ ಪೋಲಿಯೋ ಅಭಿಯಾನ ಶುರುವಾದದ್ದು 1995ರಲ್ಲಿ. ಏಳು ವರ್ಷ ಕಳೆದ ಮೇಲೂ, 2002ರಲ್ಲಿ, ದೇಶದಲ್ಲಿ 1,600 ಪ್ರಕರಣ ಕಂಡುಬಂದವು. ಮುಕ್ಕಾಲಿಗೂ ಹೆಚ್ಚು ಉತ್ತರ ಪ್ರದೇಶವೊಂದರಲ್ಲೇ. ಪಶ್ಚಿಮ ಜಿಲ್ಲೆಗಳ ಬಡ ಮುಸ್ಲಿಂ ಮೊಹಲ್ಲಾಗಳಿಗೆ ಏಟು ಜೋರಾಗಿ ಬಿತ್ತು. ಲಸಿಕೆಗೆ ಕೊರತೆ ಇರಲಿಲ್ಲ. ಪ್ರಚಾರಕ್ಕಂತೂ ಅಮಿತಾಭ್ ಬಚ್ಚನ್ ಅವರೇ ಟಿವಿಯಲ್ಲಿ ತಾಯಂದಿರನ್ನು ಗದರುತ್ತಿದ್ದರು! ಆದರೂ ಎಷ್ಟೋ ಮನೆಗಳ ಬಾಗಿಲು ತೆರೆಯಲಿಲ್ಲ.

ಅನುಮಾನದ ಬೇರು

ಹನಿ ಕುಡಿದವರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಹಬ್ಬಿತ್ತು. ವದಂತಿಯೇ ಸರಿ, ಆದರೆ ಅದು ಬಿದ್ದ ನೆಲ ಹದವಾಗಿತ್ತು: 1976ರಲ್ಲಿ ಬಲವಂತದ ಸಂತಾನಹರಣವನ್ನು ಪ್ರತಿಭಟಿಸಿದವರ ಮೇಲೆ ಇದೇ ಪಶ್ಚಿಮ ಭಾಗದ ಮುಜಫ್ಫರನಗರದಲ್ಲಿ ಗೋಲಿಬಾರ್ ಆಗಿತ್ತು. ಜೊತೆಗೆ ತಾಯಂದಿರದೂ ಒಂದು ಪ್ರಶ್ನೆ. ಮಗುವಿಗೆ ಜ್ವರ ಬಂದರೆ ಔಷಧಿ ಸಿಗುವುದಿಲ್ಲ, ಚರಂಡಿ ಕಟ್ಟಿಕೊಂಡರೆ ಕೇಳುವವರಿಲ್ಲ. ಈ ಹನಿಗೆ ಮಾತ್ರ ಸರ್ಕಾರ ಮತ್ತೆ ಮತ್ತೆ ಮನೆಬಾಗಿಲಿಗೆ ಬರುವುದೇಕೆ? ಇದನ್ನು ಅಜ್ಞಾನ ಎಂದು ತಳ್ಳಿಹಾಕಿದವರುಂಟು. ನನಗಂತೂ ಇದು ಲೆಕ್ಕ ಬಲ್ಲವರ ಪ್ರಶ್ನೆ ಅನಿಸುತ್ತದೆ.

ಬಾಗಿಲು ತಟ್ಟಿದವರು

ಯುನಿಸೆಫ್ ಮತ್ತು ಸ್ವಯಂಸೇವಾ ಸಂಸ್ಥೆಗಳು ಆಯಾ ಮೊಹಲ್ಲಾದವರನ್ನೇ ಕೆಲಸಕ್ಕೆ ಹಚ್ಚಿದವು, ಬಹುಪಾಲು ಹೆಂಗಸರು. ಯಾರ ಮನೆಯಲ್ಲಿ ಬಸುರಿ, ಯಾರ ಮನೆಯಲ್ಲಿ ಹಸುಗೂಸು, ಮಗುವಿಗೆ ಹನಿ ಹಾಕಿಸಬೇಕೋ ಬೇಡವೋ ಎಂಬುದು ಯಾವ ಅತ್ತೆಯ ಕೈಯಲ್ಲಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮನೆಯವರು ಒಲ್ಲೆನೆಂದರೆ ಇಮಾಮರನ್ನೋ ನಂಬಿಕೆಯ ವೈದ್ಯರನ್ನೋ ಕರೆದುಕೊಂಡು ಮತ್ತೆ ಹೋಗುತ್ತಿದ್ದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ, ಜಾಮಿಯಾ ಹಮ್ದರ್ದ್ ಕೈಜೋಡಿಸಿದವು. ಬೂತಿನಲ್ಲಿ ಹನಿ ಹಾಕುವ ದಿನವನ್ನು ಮಸೀದಿಯ ಮೈಕಿನಲ್ಲೇ ಸಾರಲಾಯಿತು. ಹೇಳಿದ ವಿಷಯ ಹಳೆಯದೇ. ಹೇಳುವ ಬಾಯಿ ಬದಲಾಯಿತು.

ಸೀಮೆಸುಣ್ಣದ ಗುರುತು

ಹನಿ ಬಿದ್ದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಎಲ್ಲ ಮಕ್ಕಳಿಗೂ ಆಗಿದ್ದರೆ ಗೋಡೆಯ ಮೇಲೆ ‘ಪಿ’, ಒಂದು ಮಗು ತಪ್ಪಿದರೂ ‘ಎಕ್ಸ್’. ತಂಡ ಮತ್ತೆ ಹೋಗಬೇಕಾದ ಮನೆ ಯಾವುದೆಂದು ತಿಳಿಯಲು ಆ ಗುರುತು.

ಹನಿಯ ಜೊತೆಗೆ

ಪದೇಪದೇ ಭೇದಿಯಾಗುವ ಮಗುವಿನ ಕರುಳಲ್ಲಿ ಬಾಯಿ ಲಸಿಕೆ ಸರಿಯಾಗಿ ನಾಟುವುದಿಲ್ಲ. ಹೀಗಾಗಿ ಉತ್ತರ ಪ್ರದೇಶ ಮತ್ತು ಬಿಹಾರದ ಅತಿ ಅಪಾಯದ 107 ಬ್ಲಾಕುಗಳಲ್ಲಿ ಕೈತೊಳೆಯುವುದು, ಎದೆಹಾಲು, ಓಆರ್‌ಎಸ್, ಜಿಂಕ್ ಕೂಡ ಕೆಲಸದ ಪಟ್ಟಿಗೆ ಸೇರಿದವು. ತಾಯಂದಿರ ಪ್ರಶ್ನೆಗೆ ತಡವಾಗಿಯಾದರೂ ಸಿಕ್ಕ ಅರ್ಧ ಉತ್ತರ ಅದು. ಚರಂಡಿಗಳು ಬಹುಮಟ್ಟಿಗೆ ಹಾಗೇ ಉಳಿದವು. ಪೋಲಿಯೋ ಮಾತ್ರ ಹೋಯಿತು: ನೈಸರ್ಗಿಕ (ವೈಲ್ಡ್) ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ದೇಶದಲ್ಲಿ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ 2014ರ ಮಾರ್ಚ್ 27ರಂದು ಬಂತು.