ಊರಿನಲ್ಲೇ ಐಐಟಿ, ಪ್ರವೇಶಕ್ಕೆ ಊರು ಲೆಕ್ಕಕ್ಕಿಲ್ಲ

ಧಾರವಾಡ ಐಐಟಿ 2016ರಲ್ಲಿ ವಾಲ್ಮಿ ಆವರಣದಲ್ಲಿ ಆರಂಭವಾಯಿತು. 2023ರ ಮಾರ್ಚ್ 12ರಂದು ಅದರ ಸ್ವಂತ ಆವರಣವೂ ಉದ್ಘಾಟನೆಗೊಂಡಿತು. ಹಾಗೆಂದು ಹುಬ್ಬಳ್ಳಿ-ಧಾರವಾಡದ ಹೈಸ್ಕೂಲು ವಿದ್ಯಾರ್ಥಿಗೆ ಅಲ್ಲಿ ಒಂದು ಸೀಟಿನ ಅನುಕೂಲವೂ ಇಲ್ಲ. ಐಐಟಿಗಳಲ್ಲಿ ರಾಜ್ಯವಾರು ಪಾಲೆಂಬುದೇ ಇಲ್ಲ.

ಜೆಇಇ ಮೇನ್‌ನಲ್ಲಿ ಮುಂಚೂಣಿಯಲ್ಲಿರುವ ಸುಮಾರು 2.5 ಲಕ್ಷ ಅಭ್ಯರ್ಥಿಗಳಿಗಷ್ಟೇ ಅಡ್ವಾನ್ಸ್‌ಡ್ ಪರೀಕ್ಷೆ ಬರೆಯುವ ಅರ್ಹತೆ. ಅದಕ್ಕೂ ಎರಡು ಅವಕಾಶ ಮಾತ್ರ, ಸತತ ಎರಡು ವರ್ಷಗಳಲ್ಲಿ. ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮೊದಲ ಮೆಟ್ಟಿಲು ಕನ್ನಡದಲ್ಲಿ ಹತ್ತಿದವನಿಗೆ ಎರಡನೆಯದರಲ್ಲಿ ಆ ಆಸರೆ ಇಲ್ಲವೆಂಬುದು ವಿಚಿತ್ರವೇ ಸರಿ.

ರಾಜ್ಯದ ನಂಟು ಫಲ ನೀಡುವುದು ಸುರತ್ಕಲ್ ಎನ್‌ಐಟಿಯಲ್ಲಿ. ಅಲ್ಲಿನ ಅರ್ಧದಷ್ಟು ಬಿ.ಟೆಕ್ ಸೀಟುಗಳು ಕರ್ನಾಟಕದವರಿಗೆ. ಪಾಲಕರು ಎಡವುವುದು ಇಲ್ಲಿಯೇ. ಈ ಲೆಕ್ಕದಲ್ಲಿ ತವರು ರಾಜ್ಯವನ್ನು ನಿರ್ಧರಿಸುವುದು ಹುಟ್ಟೂರಾಗಲಿ ಮನೆಯ ವಿಳಾಸವಾಗಲಿ ಅಲ್ಲ, ಹನ್ನೆರಡನೆಯ ತರಗತಿ ತೇರ್ಗಡೆಯಾದ ಸ್ಥಳ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವನ್ನು ಕೋಚಿಂಗ್‌ಗಾಗಿ ಕೋಟಾಕ್ಕೋ ಹೈದರಾಬಾದಿಗೋ ಕಳುಹಿಸಿ ಅಲ್ಲಿಯೇ ಹನ್ನೆರಡನೆಯ ಪರೀಕ್ಷೆ ಬರೆಸಿದರೆ, ಸುರತ್ಕಲ್‌ನಲ್ಲಿ ಅದು ಹೊರರಾಜ್ಯದ ಅಭ್ಯರ್ಥಿ.

ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಹಿಂದಿನ ಬಿವಿಬಿ ಕಾಲೇಜು, ತನ್ನ ಸೀಟುಗಳ ಒಂದು ಪಾಲನ್ನು ಸಿಇಟಿ ಮೂಲಕ ತುಂಬುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಗಳದೂ ಅರ್ಧ ತೂಕವಿರುವುದರಿಂದ ಕಾಲೇಜಿನ ಪಾಠವನ್ನು ಕಡೆಗಣಿಸುವಂತಿಲ್ಲ. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿಯೂ ಉಂಟು. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆ ಬದಲಿಸಿದವರು ಹಳೆಯ ಶಾಲೆಯಿಂದ ಅದನ್ನು ಈಗಲೇ ಪಡೆದಿಡುವುದು ಒಳಿತು.