ಅಚ್ಚು ಹೇಳುವುದೇನು, ನಾವು ಹೇಳುವುದೇನು?

ಕರಾವಳಿ, ಮಲೆನಾಡುಗಳಿಂದ ಬಂದು ನಾಗರಬಾವಿಯಂತಹ ಬಡಾವಣೆಗಳಲ್ಲಿ ನೆಲೆಸಿದ ಜೈನ ಕುಟುಂಬಗಳು, ಊರಿನ ಹಳೆಯ ಮನೆಯನ್ನು ಬಿಚ್ಚಿದಾಗ ಒಂದು ಹಂಚನ್ನೋ ದೀಪವನ್ನೋ ನೆನಪಿಗೆಂದು ತಂದಿಟ್ಟುಕೊಳ್ಳುವುದುಂಟು. ಅಂತಹ ಹಂಚಿನ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂಬ ಇಂಗ್ಲಿಷ್ ಅಚ್ಚಿದ್ದರೆ, ಅದು ವಿದೇಶದಿಂದ ಬಂದದ್ದು, 1865ರಲ್ಲಿಯೇ ಸುಟ್ಟದ್ದು ಎಂದು ಭಾವಿಸುವುದು ಸಹಜ. ಆದರೆ ಅಚ್ಚು ಈ ಎರಡನ್ನೂ ಹೇಳುವುದಿಲ್ಲ.

ಬಾಸೆಲ್ ಸ್ವಿಟ್ಜರ್ಲೆಂಡಿನ ನಗರ. ಅಲ್ಲಿನ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಮಣ್ಣು ನೇತ್ರಾವತಿಯ ಸೀಮೆಯದು. ದುಡಿದ ಕೈಗಳು ತುಳುನಾಡಿನವು. ಅಚ್ಚಿನಲ್ಲಿರುವ ಊರು ಒಡೆತನದ ಗುರುತು. ಇಸವಿ ಸ್ಥಾಪನೆಯ ಗುರುತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆ ಟ್ರಸ್ಟಿನ ಹೆಸರುಳ್ಳ ಹಂಚು ಯುದ್ಧಕ್ಕೆ ಮುಂಚಿನದಾಗಿರಲಾರದು. ಹೀಗೆ ಇಸವಿಗಿಂತಲೂ ಒಡೆಯನ ಹೆಸರೇ ಕಾಲವನ್ನು ಸರಿಯಾಗಿ ಸೂಚಿಸುವುದುಂಟು.

ದೀಪ, ಗಡಿಯಾರಗಳ ಮೇಲಿನ ‘ಮೇಡ್ ಇನ್ ಜರ್ಮನಿ’ ಎಂಬ ಬರಹವೂ ಇಂಥದೇ. ಪರದೇಶದ ಸರಕು ತನ್ನ ಮೂಲವನ್ನು ಮರೆಮಾಚದಿರಲೆಂದು ಬ್ರಿಟನ್ 1887ರಲ್ಲಿ ಕಾಯಿದೆ ಮಾಡಿತು. 1890ರ ಅಮೆರಿಕದ ಸುಂಕದ ಕಾಯಿದೆಯೂ ಮೂಲದ ಗುರುತನ್ನು ಕಡ್ಡಾಯಗೊಳಿಸಿತು. ಜರ್ಮನಿಯ ಸರಕಿಗೆ ಇಂಗ್ಲಿಷ್ ಬರಹ ಬಂದದ್ದು ಕೊಳ್ಳುವವರ ನಾಡಿನ ಕಾಯಿದೆಯಿಂದ.

ಜಿನಬಿಂಬಗಳ ಪಾದಪೀಠದ ಬರಹಕ್ಕೂ ಇದೇ ಎಚ್ಚರ ಬೇಕು. ಜೀವರಾಜ ಪಾಪಡೀವಾಲರು ಸಂವತ್ 1548ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಪ್ರತಿಷ್ಠೆ ಮಾಡಿಸಿದ ಸಾವಿರಾರು ಬಿಂಬಗಳು ದೇಶದ ನಾನಾ ಬಸದಿಗಳನ್ನು ಸೇರಿವೆ. ಅದು ವಿಕ್ರಮ ಸಂವತ್, ಕ್ರಿಸ್ತಶಕ 1491. ಸಂವತ್ಸರವನ್ನು ಇಸವಿಯೆಂದು ಓದಿದರೆ 57 ವರ್ಷ ತಪ್ಪುತ್ತದೆ. ಬಿಂಬವಿರುವ ಊರನ್ನೇ ಪ್ರತಿಷ್ಠೆಯ ಊರೆಂದರೆ ದಾನಿಯ ಇತಿಹಾಸವೇ ಮರೆಯಾಗುತ್ತದೆ.

ಇದು ಕೇವಲ ವಿದ್ವಾಂಸರ ಚರ್ಚೆಯಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಂದನ್ನು ಮತ್ತೊಂದೆಂದು ತೋರಿಸಿ ವ್ಯವಹರಿಸುವುದೇ ಅದರ ಹುರುಳು. 1865ರ ಅಚ್ಚನ್ನು ತೋರಿಸಿ ಹಂಚಿನ ಬೆಲೆ ಏರಿಸುವವನೂ, ಬಸದಿಯ ಪ್ರಾಚೀನತೆಯನ್ನು ಹಿಗ್ಗಿಸಿ ಫಲಕ ಬರೆಸುವವನೂ ಆ ದೋಷದಿಂದ ದೂರವಿಲ್ಲ.

ಆದ್ದರಿಂದ ಜೀರ್ಣೋದ್ಧಾರಕ್ಕೆ ಮುನ್ನ ಟ್ರಸ್ಟುಗಳು ಪ್ರತಿಯೊಂದು ಬರಹದ ಛಾಯಾಚಿತ್ರ ತೆಗೆಸಿ, ಅಕ್ಷರಗಳನ್ನು ಇದ್ದಂತೆಯೇ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಊಹೆಯನ್ನು ಬೇರೆ ಅಂಕಣದಲ್ಲಿ ಬರೆಯಬೇಕು. ನೂರು ವರ್ಷಕ್ಕೆ ಮೀರಿದ ಬಿಂಬಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆಯೂ ಅನ್ವಯಿಸುತ್ತದೆ. ಲಾಂಛನವಿಲ್ಲದ ಬಿಂಬಕ್ಕೆ ಊಹೆಯಿಂದ ತೀರ್ಥಂಕರರ ಹೆಸರಿಡಲು ಹಿಂಜರಿಯುವ ಶ್ರಾವಕನು, ಒಂದು ಹಂಚಿಗೆ ಇಸವಿ ಕೊಡುವಾಗಲೂ ಅದೇ ಹಿಂಜರಿಕೆಯನ್ನು ತೋರುವುದು ಉಚಿತ.