ಶಾಸನದ ಸಂಖ್ಯೆಯಿಂದ ಕ್ಯೂಆರ್ ಸಂಕೇತದವರೆಗೆ: ನೋಂದಣಿ ಮತ್ತು ಭಂಡಾರಗಳ ಇತಿಹಾಸ

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಮುತ್ತ ಓಡಾಡಿದವರು ದೇವಸ್ಥಾನದ ಅಂಗಳದಲ್ಲೋ ಊರ ಮುಂದಿನ ಬಯಲಿನಲ್ಲೋ ನಿಂತ ಶಾಸನದ ಕಲ್ಲುಗಳನ್ನು ನೋಡಿಯೇ ಇರುತ್ತಾರೆ. ತರೀಕೆರೆ ಬಳಿಯ ಅಮೃತಪುರದ ಅಮೃತೇಶ್ವರ ದೇವಾಲಯದ ಶಾಸನವಂತೂ ಕವಿ ಜನ್ನನ ರಚನೆಯೆಂದು ಪ್ರಸಿದ್ಧ. ಈ ಕಲ್ಲುಗಳಿಗೂ ಇಂದಿನ ಗಣಕ ತಂತ್ರಾಂಶಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಇಂದು ರಿಜಿಸ್ಟ್ರಿ ಮತ್ತು ರೆಪಾಸಿಟರಿ ಎಂದು ಕರೆಯುವ ಎರಡು ವ್ಯವಸ್ಥೆಗಳ ಮೂಲತತ್ತ್ವ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇಲ್ಲಿ ಬಳಕೆಯಲ್ಲಿತ್ತು.

ಎರಡು ಪದಗಳು

ಗ್ರಂಥಾಲಯವನ್ನೇ ನೆನೆದುಕೊಳ್ಳಿ. ಪುಸ್ತಕಗಳಿರುವ ಕಪಾಟು ಭಂಡಾರ, ಅಂದರೆ ರೆಪಾಸಿಟರಿ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಬರೆದವರು ಯಾರು, ಎಷ್ಟನೆಯ ಮುದ್ರಣ ಎಂದು ತಿಳಿಸುವ ಸೂಚಿ ನೋಂದಣಿ, ಅಂದರೆ ರಿಜಿಸ್ಟ್ರಿ. ಭಂಡಾರದಲ್ಲಿ ವಸ್ತು ಇರುತ್ತದೆ. ನೋಂದಣಿಯಲ್ಲಿ ವಸ್ತುವಿನ ಬಗೆಗಿನ ಮಾಹಿತಿ ಇರುತ್ತದೆ. ಸೂಚಿ ಹಾಳಾದರೆ ಪುಸ್ತಕ ಇದ್ದೂ ಇಲ್ಲದಂತೆ. ಕಪಾಟು ಖಾಲಿಯಾದರೆ ಸೂಚಿ ಬರಿಯ ಹೆಸರುಗಳ ಪಟ್ಟಿ.

1901ರ ಒಂದು ನೋಂದಣಿ

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 6ನೆಯ ಸಂಪುಟ 1901ರಲ್ಲಿ ಹೊರಬಂತು. ಅದರ ವಿಷಯ ಕಡೂರು ಜಿಲ್ಲೆಯ ಶಾಸನಗಳು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರು ಅದು. ಜಿಲ್ಲಾ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ ಜಿಲ್ಲೆಯ ಹೆಸರು 1947ರವರೆಗೆ ಕಡೂರು ಎಂದೇ ಉಳಿದಿತ್ತು.

ರೈಸ್ ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕ್ಷಿಪ್ತ ಹೆಸರನ್ನೂ ಒಂದು ಕ್ರಮಸಂಖ್ಯೆಯನ್ನೂ ಕೊಟ್ಟರು. ಕಲ್ಲು ಊರಿನಲ್ಲೇ ಉಳಿಯಿತು. ಅದು ಇರುವ ಸ್ಥಳ, ಕಾಲ, ದೊರೆಯ ಹೆಸರು ಪುಸ್ತಕಕ್ಕೆ ಬಂದವು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಲ್ಲದೆ, ಕಾಲಾನುಕ್ರಮದ ಪಟ್ಟಿಯೊಂದನ್ನೂ ಕೊಟ್ಟರು. ಒಂದೇ ವಸ್ತುವನ್ನು ಎರಡು ದಾರಿಗಳಿಂದ ಹುಡುಕುವ ಅನುಕೂಲ ಇದರಿಂದ ಆಯಿತು. ಇಂದಿನ ದತ್ತಸಂಚಯಗಳು ಮಾಡುವ ಕೆಲಸವೂ ಇದೇ.

ಆದರೆ ಈ ಕ್ರಮದಲ್ಲಿ ಒಂದು ತೊಡಕು ಅಡಗಿತ್ತು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅಲ್ಲಿಯ ಶಾಸನಗಳಿಗೆ ತರೀಕೆರೆಯ ಸಂಖ್ಯೆಗಳೇ ಬಂದವು. 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಕಲ್ಲು ಅಲ್ಲಾಡಲಿಲ್ಲ, ಸಂಖ್ಯೆ ಬದಲಾಗಲಿಲ್ಲ. ಆದರೂ ಸಂಖ್ಯೆ ಸೂಚಿಸುವ ತಾಲ್ಲೂಕು ಬೇರೆ, ಕಲ್ಲು ನಿಂತಿರುವ ತಾಲ್ಲೂಕು ಬೇರೆ ಆಯಿತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದುದರಿಂದ, ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಹೊಂದಿಸಿ ನೋಡುವುದು ಸಂಶೋಧಕರಿಗೆ ಅನಿವಾರ್ಯವಾಯಿತು.

ನೋಂದಣಿ ತಂತ್ರಾಂಶ ರೂಪಿಸುವವರು ಕಲಿಯಬೇಕಾದ ಮೊದಲ ಪಾಠ ಇದು: ಗುರುತಿನ ಸಂಖ್ಯೆಯೊಳಗೆ ಬದಲಾಗಬಲ್ಲ ಸಂಗತಿಯನ್ನು ತುಂಬಬಾರದು. ತಾಲ್ಲೂಕು, ಇಲಾಖೆ, ಅಧಿಕಾರಿಯ ಹುದ್ದೆ ಇವೆಲ್ಲ ಬದಲಾಗುತ್ತವೆ. ಅವನ್ನು ಪ್ರತ್ಯೇಕ ಕಾಲಂಗಳಲ್ಲಿ ಬರೆದು, ಗುರುತಿಗೆ ಅರ್ಥವಿಲ್ಲದ ಅಂಕೆಯೊಂದನ್ನು ಇಡುವುದು ಕ್ಷೇಮ.

ಪಹಣಿ ಗಣಕಕ್ಕೆ ಬಂದಾಗ

ಜಮೀನಿನ ವಿಷಯದಲ್ಲಿ ನೋಂದಣಿ ಎಂದರೆ ಜೀವನದ ಪ್ರಶ್ನೆ. ಶಾನುಭೋಗರ ಕೈಬರಹದ ಲೆಕ್ಕಗಳಲ್ಲಿದ್ದ ಪಹಣಿ, ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆಯ ನಂತರ ಗ್ರಾಮಲೆಕ್ಕಿಗರ ವಶಕ್ಕೆ ಬಂತು. ಅದನ್ನು ಗಣಕಕ್ಕೆ ಏರಿಸಿದ್ದು 'ಭೂಮಿ' ಯೋಜನೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ತಂತ್ರಾಂಶವನ್ನು ಸಿದ್ಧಪಡಿಸಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶವೇ ಪಾಲಿಸುತ್ತಿತ್ತು. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಕ್ರಯಪತ್ರದ ನೋಂದಣಿ ಉಪನೋಂದಣಾಧಿಕಾರಿಯ ಕಚೇರಿಯ 'ಕಾವೇರಿ' ತಂತ್ರಾಂಶದಲ್ಲಿ. ಪಹಣಿ ಕಂದಾಯ ಇಲಾಖೆಯ 'ಭೂಮಿ'ಯಲ್ಲಿ. ಬೇರೆ ಬೇರೆಯಾಗಿ ಕಟ್ಟಿದ ಈ ಎರಡು ವ್ಯವಸ್ಥೆಗಳನ್ನು ಆಮೇಲೆ ಜೋಡಿಸಬೇಕಾಯಿತು. ಕಡೂರಿನ ರೈತರೊಬ್ಬರು ಜಮೀನು ಕೊಂಡರೆ ಆ ಸುದ್ದಿ ಒಂದು ಗಣಕದಿಂದ ಇನ್ನೊಂದಕ್ಕೆ ತಾನಾಗಿ ತಲುಪಬೇಕು. ಇದಕ್ಕೆ, ಯಾವ ಗಣಕ ಯಾವ ಸೇವೆ ಕೊಡುತ್ತದೆ, ಅದನ್ನು ಹೇಗೆ ಕರೆಯಬೇಕು ಎಂಬುದು ಎಲ್ಲಾದರೂ ಬರೆದಿರಬೇಕು. ಹೀಗೆ, ವಸ್ತುಗಳಿಗೆ ಮಾತ್ರವಲ್ಲದೆ ಸೇವೆಗಳಿಗೂ ನೋಂದಣಿ ಬೇಕಾಯಿತು.

ಸೇವೆಗಳ ನೋಂದಣಿ

ಜಗತ್ತಿನ ದೊಡ್ಡ ಕಂಪನಿಗಳು ಇದೇ ಸಮಸ್ಯೆಗೆ ಉತ್ತರ ಹುಡುಕುತ್ತಿದ್ದವು. 2000ದಲ್ಲಿ ಐಬಿಎಂ, ಮೈಕ್ರೋಸಾಫ್ಟ್ ಮತ್ತು ಅರೀಬಾ ಸೇರಿ 'ಯುಡಿಡಿಐ' ಎಂಬ ಕ್ರಮವನ್ನು ಪ್ರಕಟಿಸಿದವು. ಅಂತರಜಾಲದ ಮೂಲಕ ಸೇವೆ ಕೊಡುವವರೆಲ್ಲ ಒಂದು ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಬೇಕಾದವರು ಅಲ್ಲಿ ಹುಡುಕಬೇಕು ಎಂಬುದು ಆಶಯ. ಅಪರಿಚಿತರ ಪಟ್ಟಿಯನ್ನು ನಂಬಿ ವ್ಯವಹಾರ ಮಾಡುವವರು ಕಡಿಮೆ. ಸಾರ್ವಜನಿಕ ಪಟ್ಟಿ 2006ರ ಜನವರಿಯಲ್ಲಿ ಮುಚ್ಚಿತು.

ಆದರೆ ಸಂಸ್ಥೆಗಳ ಒಳಗೆ ಆ ಅಗತ್ಯ ಹಾಗೆಯೇ ಇತ್ತು. ಆಗ ಮುಕ್ತ ತಂತ್ರಾಂಶದವರು ಮುಂದೆ ಬಂದರು. ಅಪಾಚಿ ಸಮುದಾಯದ 'ಜೆಯುಡಿಡಿಐ' ಆ ಮಾನಕವನ್ನು ಎಲ್ಲರೂ ಬಳಸುವಂತೆ ಒದಗಿಸಿತು. 2008ರಲ್ಲಿ ಮ್ಯೂಲ್‌ಸೋರ್ಸ್‌ನ 'ಗ್ಯಾಲಕ್ಸಿ', ಶ್ರೀಲಂಕಾದಲ್ಲಿ ಬೇರೂರಿದ ಡಬ್ಲ್ಯುಎಸ್‌ಒ2 ಸಂಸ್ಥೆಯ ರಿಜಿಸ್ಟ್ರಿ ತಂತ್ರಾಂಶ ಬಂದವು. ಇವು ನೋಂದಣಿಯನ್ನೂ ಭಂಡಾರವನ್ನೂ ಒಟ್ಟಿಗೆ ಇಟ್ಟವು. ಸೇವೆಯ ವಿವರಣೆ, ಅದರ ಹಳೆಯ ಮತ್ತು ಹೊಸ ಆವೃತ್ತಿಗಳು, ಒಂದು ಸೇವೆ ಇನ್ನಾವುದನ್ನು ಅವಲಂಬಿಸಿದೆ ಎಂಬ ಮಾಹಿತಿ ಒಂದೆಡೆ ಸಿಗುವಂತಾಯಿತು. ಒಂದನ್ನು ಬದಲಿಸಿದರೆ ಯಾವುದು ಕೆಡಬಹುದು ಎಂದು ಮೊದಲೇ ತಿಳಿಯುವುದು ಇದರ ದೊಡ್ಡ ಲಾಭ.

ಬೆಂಗಳೂರಿನ ಭಂಡಾರ

ಮುಕ್ತ ತಂತ್ರಾಂಶದ ಭಂಡಾರಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಸಿಎಸ್‌ಐ ಕೇಂದ್ರ 2002ರಲ್ಲಿ ಸಂಸ್ಥೆಯ ಸಂಶೋಧನಾ ಲೇಖನಗಳಿಗಾಗಿ ಭಂಡಾರವೊಂದನ್ನು ಆರಂಭಿಸಿತು. ಬಳಸಿದ್ದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ 'ಇ-ಪ್ರಿಂಟ್ಸ್' ಎಂಬ ಮುಕ್ತ ತಂತ್ರಾಂಶ. ಭಾರತದಲ್ಲಿ ಈ ಬಗೆಯ ಸಾಂಸ್ಥಿಕ ಭಂಡಾರಗಳಲ್ಲಿ ಇದು ಮೊದಲನೆಯದು. ಬೇರೆ ಭಂಡಾರಗಳ ಸೂಚಿಗಳೊಡನೆ ಇದರ ಸೂಚಿಯನ್ನೂ ಕೂಡಿಸಿ ಒಮ್ಮೆಲೇ ಹುಡುಕಬಹುದಾದಂತೆ ಒಪ್ಪಿತ ನಿಯಮಾವಳಿಯೊಂದನ್ನು ಅದು ಪಾಲಿಸುತ್ತದೆ. ಇಂದು ಅದರ ನಿರ್ವಹಣೆ ಸಂಸ್ಥೆಯ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯದ್ದು. ನಡೆಸುವ ವಿಭಾಗ ಬದಲಾದರೂ ಭಂಡಾರ ಉಳಿಯಿತು ಎಂಬುದನ್ನು ಗಮನಿಸಿ.

ಪಠ್ಯಪುಸ್ತಕದ ಚೌಕ

ಶಿಕ್ಷಕರಿಗೆ ಇನ್ನೂ ಹತ್ತಿರದ ಉದಾಹರಣೆ 2017ರ ಸೆಪ್ಟೆಂಬರ್ 5ರಂದು ಆರಂಭವಾದ 'ದೀಕ್ಷಾ'. ಪಠ್ಯಪುಸ್ತಕದ ಕ್ಯೂಆರ್ ಚೌಕದ ಜೊತೆ ಆರು ಅಕ್ಷರ-ಅಂಕೆಗಳ ಸಂಕೇತವೊಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಫೋನು ಆ ಸಂಕೇತವನ್ನು ನೋಂದಣಿಗೆ ಕಳುಹಿಸುತ್ತದೆ. ನೋಂದಣಿ ಅದಕ್ಕೆ ಹೊಂದುವ ಪಾಠವನ್ನು ಭಂಡಾರದಿಂದ ತೋರಿಸುತ್ತದೆ. ಮುಂದಿನ ವರ್ಷ ಇನ್ನೂ ಒಳ್ಳೆಯ ಪಾಠ ಸಿದ್ಧವಾದರೆ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಕಿಲ್ಲ, ನೋಂದಣಿಯ ಸಾಲನ್ನು ತಿದ್ದಿದರೆ ಸಾಕು. ಅರ್ಥವಿಲ್ಲದ ಸಂಕೇತದ ಬಲ ಇರುವುದು ಇಲ್ಲಿಯೇ.

ದೀಕ್ಷಾದ ಅಡಿಯಲ್ಲಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ರೂಪಿಸಿದ 'ಸನ್‌ಬರ್ಡ್' ಎಂಬ ಮುಕ್ತ ತಂತ್ರಾಂಶ. ಅದೇ ಕುಟುಂಬದ 'ಸನ್‌ಬರ್ಡ್ ಆರ್‌ಸಿ' ನೋಂದಣಿಗಳನ್ನು ಕಟ್ಟಲೆಂದೇ ಇರುವ ಸಾಧನ. ಯಾವ ಕಾಲಂಗಳು ಬೇಕು ಎಂಬ ನಕ್ಷೆ ಬರೆದುಕೊಟ್ಟರೆ, ಮಾಹಿತಿ ಸೇರಿಸುವ, ಹುಡುಕುವ, ದೃಢೀಕರಿಸುವ ಸೇವೆಗಳನ್ನು ಅದು ತಾನೇ ಒದಗಿಸುತ್ತದೆ.

ಮುಕ್ತ ಎಂದರೆ ಏನು?

ಇಲ್ಲಿ ಒಂದು ಗೊಂದಲ ಬೇಡ. ತಂತ್ರಾಂಶ ಮುಕ್ತವಾಗಿದ್ದರೆ ಮಾಹಿತಿಯೂ ಬಯಲಾಗುತ್ತದೆ ಎಂದು ಅರ್ಥವಲ್ಲ. ಬೀಗ ತಯಾರಿಸುವ ವಿಧಾನ ಎಲ್ಲರಿಗೂ ತಿಳಿದಿರಬಹುದು, ನಿಮ್ಮ ಮನೆಯ ಕೀಲಿ ನಿಮ್ಮಲ್ಲೇ ಇರುತ್ತದೆ. ಹಾಗೆಯೇ ಮುಕ್ತ ತಂತ್ರಾಂಶ ತಪ್ಪು ದಾಖಲೆಯನ್ನು ಸರಿಮಾಡುವುದಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿ ಸೇರಿದ್ದರೆ ಗಣಕ ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ.

ಮುಕ್ತತೆಯ ಪ್ರಯೋಜನ ಬೇರೆ. ನಿಯಮವನ್ನು ತಂತ್ರಾಂಶ ಹೇಗೆ ಪಾಲಿಸುತ್ತಿದೆ ಎಂದು ಯಾರಾದರೂ ಪರೀಕ್ಷಿಸಬಹುದು. ತಯಾರಿಸಿದ ಕಂಪನಿ ಮುಚ್ಚಿದರೂ ಬೇರೆಯವರು ಅದನ್ನು ನಡೆಸಬಹುದು. ಸರ್ಕಾರಿ ದಾಖಲೆ ನೂರಾರು ವರ್ಷ ಬಾಳಬೇಕಾದದ್ದು; ಕಂಪನಿಗಳ ಆಯುಸ್ಸು ಅಷ್ಟಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿದ್ದರ ಹಿಂದೆಯೂ ಇಂಥ ಆಲೋಚನೆಗಳಿವೆ.

ತರಗತಿಗೆ ಒಂದು ಚಟುವಟಿಕೆ

ನಿಮ್ಮ ಊರಿನ ಶಾಸನ, ವೀರಗಲ್ಲು, ಕೆರೆಗಳ ಒಂದು ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಮಾಡಿಸಿ. ಪ್ರತಿ ವಸ್ತುವಿಗೂ ಅರ್ಥವಿಲ್ಲದ ಒಂದು ಸಂಖ್ಯೆ ಇರಲಿ. ಊರು, ತಾಲ್ಲೂಕು, ಈಗಿನ ಸ್ಥಿತಿ, ನೋಡಿದ ದಿನ, ಬರೆದವರ ಹೆಸರು ಬೇರೆ ಬೇರೆ ಕಾಲಂಗಳಲ್ಲಿ ಬರಲಿ. ಛಾಯಾಚಿತ್ರಗಳನ್ನು ಪ್ರತ್ಯೇಕ ಕಡತದಲ್ಲಿ ಇಟ್ಟು, ಪಟ್ಟಿಯಲ್ಲಿ ಚಿತ್ರದ ಸಂಖ್ಯೆಯನ್ನಷ್ಟೇ ಬರೆಯಿರಿ. ತಿದ್ದುವಾಗ ಹಳೆಯ ಸಾಲನ್ನು ಅಳಿಸದೆ, ಹೊಸ ಸಾಲು ಸೇರಿಸಿ ದಿನಾಂಕ ಹಾಕಿ. ಅನಂತರ ಒಂದು ಪ್ರಶ್ನೆ ಕೇಳಿ: ನಾಳೆ ಈ ಊರು ಬೇರೆ ತಾಲ್ಲೂಕಿಗೆ ಸೇರಿದರೆ ಎಷ್ಟು ಕಡೆ ತಿದ್ದಬೇಕಾಗುತ್ತದೆ? ಒಂದೇ ಕಾಲಂ ಎಂಬ ಉತ್ತರ ಬಂದರೆ ನಿಮ್ಮ ವಿದ್ಯಾರ್ಥಿಗಳು ಒಳ್ಳೆಯ ನೋಂದಣಿಯನ್ನೇ ಕಟ್ಟಿದ್ದಾರೆ.